ಲೆಕ್ಕ ಯಾರ ಖಾತೆಗೆ?

ಚೆನ್ನೈನ ವೆಸ್ಟ್ ಮಾಂಬಲಂನಲ್ಲಿ ಸಾವಿನ ನಂತರ ಬೇಕಾಗುವುದೆಲ್ಲ ಕಾಲ್ನಡಿಗೆಯ ದೂರದಲ್ಲೇ ಸಿಗುತ್ತದೆ. ದರ್ಭೆ, ಎಳ್ಳು, ದಾನದ ಪಂಚೆ, ಮಂತ್ರ ಹೇಳುವ ವಾಧ್ಯಾರರು, ಮಡಿಯಲ್ಲಿ ಅಡಿಗೆ ಮಾಡಿ ಬಡಿಸುವವರು. ಅಪರಕರ್ಮಗಳಿಗೆಂದೇ ಇರುವ ಜ್ಞಾನವಾಪಿ ಎಂಬ ಜಾಗ ಇಲ್ಲಿದೆ. ಚೆನ್ನೈನ ಬೇರೆ ಬೇರೆ ಬಡಾವಣೆಗಳ ಅಯ್ಯರ್, ಅಯ್ಯಂಗಾರರೂ ಮನೆಯಲ್ಲಿ ಕನ್ನಡ ಆಡುವ ಮಾಧ್ವರೂ ಹತ್ತು, ಹನ್ನೊಂದು, ಹನ್ನೆರಡನೆಯ ದಿನದ ಕರ್ಮಕ್ಕೆ ಇಲ್ಲಿಗೆ ಬರುತ್ತಾರೆ. ಅಮೆರಿಕದಲ್ಲಿರುವ ಮಗ ಫೋನಿನಲ್ಲೇ ಎಲ್ಲ ಏರ್ಪಾಡು ಮಾಡಿ, ವಿಮಾನ ಇಳಿದು ನೇರ ಇಲ್ಲಿ ಬಂದು ಕೂರುತ್ತಾನೆ. ಅವನಿಗೆ ನಂಬಿಕೆ ಇದೆಯೇ ಎಂದು ಯಾರೂ ಕೇಳುವುದಿಲ್ಲ. ಬಂದನೇ, ಮಾಡಿದನೇ, ಅಷ್ಟು ಸಾಕು.

ಇಂಥ ಜಾಗದಲ್ಲಿ ಕೂತು ಕ್ರಿಸ್ತನ ಶಿಷ್ಯತ್ವಕ್ಕೆ ತೆರಬೇಕಾದ ಬೆಲೆಯ ಬಗ್ಗೆ ಯೋಚಿಸುವುದು ವಿಚಿತ್ರ ಎನ್ನಿಸಬಹುದು. ನನಗೆ ಇದೇ ಸರಿಯಾದ ಜಾಗ ಅನ್ನಿಸುತ್ತದೆ. ಮಗ ಎಳ್ಳುನೀರು ಬಿಡದೆ ಹೋದರೆ ತಾಯಿ ಏನು ಕಳೆದುಕೊಳ್ಳುತ್ತಾಳೆಂಬುದು ಗೊತ್ತಿರುವವರಿಗೆ ಆ ಬೆಲೆ ಪೂರ್ತಿಯಾಗಿ ಕಾಣುತ್ತದೆ. ಭಾನುವಾರದ ಪ್ರವಚನ ಕೇಳಿ ಬೆಳೆದವರಿಗೆ ಅದರ ಅರ್ಧ ಮಾತ್ರ ಕಾಣುತ್ತದೆ.

ಇಲ್ಲಿಯ ಮುಖ್ಯ ಬೀದಿಗೆ ಆರ್ಯ ಗೌಡ ರಸ್ತೆ ಎಂದು ಹೆಸರು. ಅದು ನೀಲಗಿರಿಯ ಹುಬ್ಬತಲೆಯ ಎಚ್.ಬಿ. ಆರಿ ಗೌಡರ ಹೆಸರು, ಬೋರ್ಡಿನ ಮೇಲೆ ಆರ್ಯ ಆಗಿಬಿಟ್ಟಿತು ಎನ್ನುತ್ತಾರೆ ಬಡಗರು. ಬಡಗರ ನುಡಿ ಕನ್ನಡದ ಒಡಹುಟ್ಟು. ಅವರ ಬೆಟ್ಟಕ್ಕೆ ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟೆಂಟ್ ಸಂಸ್ಥೆ ಬಾಸೆಲ್ ಮಿಷನ್ ಬಂದದ್ದು 1846ರಲ್ಲಿ, ಕೇತ್ತಿ ಎಂಬಲ್ಲಿಗೆ. ಕನ್ನಡ ಕಲಿತಿದ್ದ ಜಾರ್ಜ್ ಜೇಮ್ಸ್ ಕ್ಯಾಸಮೇಜರ್ ಎಂಬ ಮದರಾಸಿನ ಸಿವಿಲ್ ಅಧಿಕಾರಿ ಬಡಗರ ನಡುವೆ ಉಳಿದು, 1849ರಲ್ಲಿ ಸಾಯುವಾಗ ತನ್ನ ಆಸ್ತಿಯನ್ನು ಮಿಷನ್ನಿಗೆ ಬಿಟ್ಟ. ಹಣವಿತ್ತು, ಶಾಲೆಯಿತ್ತು, ಭಾಷೆ ಬಲ್ಲ ಪಾದ್ರಿಗಳಿದ್ದರು. ಆದರೂ ಮೊದಲ ಬಡಗನಿಗೆ ದೀಕ್ಷಾಸ್ನಾನವಾದದ್ದು 1858ರಲ್ಲಿ. ಹನ್ನೆರಡು ವರ್ಷ ಒಬ್ಬರೂ ಬರಲಿಲ್ಲ. ಇದನ್ನು ಬಡಗರ ಅಜ್ಞಾನ ಎನ್ನಬಹುದು, ಮಿಷನರಿಗಳ ಸೋಲು ಎನ್ನಬಹುದು. ಅವರು ಲೆಕ್ಕ ಹಾಕಿದರು ಎಂದೇ ನನ್ನ ಊಹೆ. ಹಟ್ಟಿಯಲ್ಲಿ ಒಬ್ಬನೇ ಬದುಕುವುದಿಲ್ಲ. ಒಬ್ಬ ಹೊರಗೆ ಕಾಲಿಟ್ಟರೆ ಅವನ ತಂಗಿಯ ಮದುವೆ, ಅಪ್ಪನ ಸಾವು, ಅಣ್ಣನ ಹೊಲದ ಕೆಲಸ ಎಲ್ಲವೂ ಅಲುಗಾಡುತ್ತವೆ.

ಲೆಕ್ಕ ಹಾಕಿ ಎಂದು ಹೇಳಿದವನು ಸ್ವತಃ ಯೇಸು. ಗೋಪುರ ಕಟ್ಟಹೊರಟವನು ಮೊದಲು ಕೂತು ಖರ್ಚು ಎಣಿಸಬೇಡವೇ ಎಂಬ ದೃಷ್ಟಾಂತ ಲೂಕನ ಸುವಾರ್ತೆಯ 14ನೆಯ ಅಧ್ಯಾಯದಲ್ಲಿದೆ. ಪ್ರವಚನಕಾರರು ಇದನ್ನು ಹೆಚ್ಚಾಗಿ ‘ಎಷ್ಟು ಖರ್ಚು’ ಎಂಬ ಪ್ರಶ್ನೆಯಾಗಿ ಓದುತ್ತಾರೆ: ಎಲ್ಲವನ್ನೂ ಕೊಡಲು ಸಿದ್ಧನಿದ್ದೀಯಾ? ನನಗೆ ಇದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಈ ಖರ್ಚು ಯಾರ ಖಾತೆಗೆ? ಶಿಷ್ಯನಾದವನು ತನ್ನದನ್ನು ಕೊಡುತ್ತಾನೋ, ಅಥವಾ ಅವನ ಹೆಸರಿನಲ್ಲಿ ಕೇಳದೆಯೇ ಬೇರೆಯವರಿಂದ ವಸೂಲಾಗುತ್ತದೋ?

ಮಂಗಳೂರಿನಲ್ಲಿ 1844ರ ಜನವರಿಯಲ್ಲಿ ನಡೆದ ಒಂದು ಘಟನೆಯಲ್ಲಿ ಈ ಪ್ರಶ್ನೆ ಹಸಿಹಸಿಯಾಗಿ ಕಾಣುತ್ತದೆ. ಅದೇ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಎಂದರೆ ನಮಗೆ 1843ರ ಜುಲೈ 1ರಂದು ಹೊರಟ ‘ಮಂಗಳೂರ ಸಮಾಚಾರ’ ನೆನಪಾಗುತ್ತದೆ, ಕನ್ನಡ ಪತ್ರಿಕೋದ್ಯಮದ ದಿನ ಆಚರಿಸಿ ಸುಮ್ಮನಾಗುತ್ತೇವೆ. ಅದಾಗಿ ಆರು ತಿಂಗಳಿಗೆ ಅದೇ ಮೋಗ್ಲಿಂಗ್ ತನ್ನ ಶಾಲೆಯಲ್ಲಿ ಓದುತ್ತಿದ್ದ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ಯುವಕನಿಗೂ ಅವನ ಇಬ್ಬರು ಸಂಗಾತಿಗಳಿಗೂ ದೀಕ್ಷಾಸ್ನಾನ ಕೊಟ್ಟರು. ಕೌಂಡಿನ್ಯನಿಗೆ ಆಗ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಊರಿನಲ್ಲಿ ಗದ್ದಲವೆದ್ದಿತು, ಮೇಲ್ಜಾತಿಯವರು ಮಕ್ಕಳನ್ನು ಶಾಲೆಯಿಂದ ಬಿಡಿಸಿದರು. ಯುವಕ ಗುರುವಿನ ಹೆಸರನ್ನೂ ಇಟ್ಟುಕೊಂಡು ಹರ್ಮನ್ ಆನಂದರಾವ್ ಕೌಂಡಿನ್ಯನಾದ. 1846ರಲ್ಲಿ ಸ್ವಿಟ್ಜರ್ಲೆಂಡಿಗೆ ಹೋಗಿ ಬಾಸೆಲ್‌ನಲ್ಲಿ ಓದಿ, 1851ರಲ್ಲಿ ಪಾದ್ರಿಯಾಗಿ ಅಭಿಷಿಕ್ತನಾದ. ಆ ಮಿಷನ್ನಿನ ಅಭಿಷೇಕ ಪಡೆದ ಮೊದಲ ಭಾರತೀಯ ಆತ. ತಿರುಗಿ ಬಂದು ಮಂಗಳೂರಿನಲ್ಲಿ ಪಾಠ ಹೇಳಿದರು, ಕೊಡಗಿನಲ್ಲಿ ದುಡಿದರು. ಜೀತದಲ್ಲಿದ್ದು ಕ್ರೈಸ್ತರಾದ ಹೊಲೆಯರಿಗಾಗಿ ಮೋಗ್ಲಿಂಗ್ ಅಲ್ಲಿ ಕಟ್ಟಿದ ಹಳ್ಳಿಗೆ ಆನಂದಪುರ ಎಂಬ ಹೆಸರು ಬಂದದ್ದು ಇದೇ ಆನಂದರಾಯರಿಂದ. 1893ರಲ್ಲಿ ತೀರಿಕೊಳ್ಳುವವರೆಗೂ ಹಿಡಿದ ದಾರಿ ಬಿಡಲಿಲ್ಲ.

ಅವರು ತೆತ್ತದ್ದು ಸಣ್ಣದಲ್ಲ. ಜಾತಿ ಹೋಯಿತು, ಮನೆ ಹೋಯಿತು, ಊರಿನಲ್ಲಿ ತಲೆಯೆತ್ತಿ ನಡೆಯುವ ಹಕ್ಕು ಹೋಯಿತು. ಆದರೆ ಅದಕ್ಕೆ ಪ್ರತಿಯಾಗಿ ಒಂದು ಲೋಕ ತೆರೆದುಕೊಂಡಿತು: ಗುರು, ಸೋದರರಂಥ ಗೆಳೆಯರು, ಐದು ವರ್ಷದ ಯೂರೋಪು, ಅರ್ಥವಿರುವ ಕೆಲಸ. ಎಲ್ಲವನ್ನೂ ಬಿಟ್ಟು ಬಂದವನಿಗೆ ನೂರರಷ್ಟು ಸಿಗುತ್ತದೆ ಎಂದು ಸುವಾರ್ತೆ ಹೇಳುವುದು ಅವರ ವಿಷಯದಲ್ಲಿ ಒಂದು ಮಟ್ಟಿಗೆ ನಿಜವೇ ಆಯಿತು. ಅವರ ತಾಯಿಗೆ ಏನು ಸಿಕ್ಕಿತು? ಮತಾಂತರವಾದ ಮಗನಿಗೆ ಬದುಕಿರುವಾಗಲೇ ಘಟಶ್ರಾದ್ಧ ಮಾಡಿ ಕೈ ತೊಳೆದುಕೊಳ್ಳುವುದು ಆ ಕಾಲದ ಮೇಲ್ಜಾತಿಗಳ ರೂಢಿ. ಹಾಗೆ ಮಾಡಿದ ಮನೆಯಲ್ಲಿ ಮಗ ಸತ್ತಂತೆಯೇ ಲೆಕ್ಕ. ಅಷ್ಟೇ ಅಲ್ಲ, ತಾಯಿ ಸತ್ತಾಗ ಬಾಯಿಗೆ ಅಕ್ಕಿ ಹಾಕುವ ಕೈಯೂ ಹೋಯಿತು. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ಸುಲಭ. ನಂಬಿದವಳ ಪಾಲಿಗೆ ಅದು ಪರಲೋಕವೇ ಕೈತಪ್ಪಿದಂತೆ. ಮಗ ತನ್ನ ಆತ್ಮವನ್ನು ಉಳಿಸಿಕೊಂಡ ಗಳಿಗೆಯಲ್ಲೇ, ತಾಯಿಯ ಲೆಕ್ಕದ ಪ್ರಕಾರ, ಅವಳ ಆತ್ಮವನ್ನು ಕಳೆದ.

ಹೆಂಡತಿಯ ಪಾಡು ಇನ್ನೂ ಕಷ್ಟದ್ದು. ಆಗಿನ ಪದ್ಧತಿಯಂತೆ ಕೌಂಡಿನ್ಯರಿಗೆ ಚಿಕ್ಕಂದಿನಲ್ಲೇ ಮದುವೆಯಾಗಿತ್ತು. ಆಕೆ ಅವರ ಹಿಂದೆ ಬರಲಿಲ್ಲ. 1860ರಲ್ಲಿ ಅವರು ಜರ್ಮನಿಯಿಂದ ಬಂದ ಮರೀ ರೈನ್‌ಹಾರ್ಟ್ ಎಂಬಾಕೆಯನ್ನು ಮದುವೆಯಾದರು. ಹೀಗೆ ಇತ್ತಲಿಂದ ಅತ್ತ ಹೋದ ಗಂಡಂದಿರ ಸಮಸ್ಯೆ ಎಷ್ಟು ಬೆಳೆಯಿತೆಂದರೆ ಸರಕಾರ 1866ರಲ್ಲಿ ಕ್ರೈಸ್ತರಾದವರ ವಿವಾಹ ವಿಸರ್ಜನೆಗೆಂದೇ ಒಂದು ಕಾಯಿದೆ ತಂದಿತು. ಅದರ ಕ್ರಮ ಹೀಗೆ: ಕ್ರೈಸ್ತನಾದವನು ಅರ್ಜಿ ಹಾಕುತ್ತಾನೆ, ನ್ಯಾಯಾಧೀಶರು ಹೆಂಡತಿಯನ್ನು ಕರೆಸಿ ಗಂಡನೊಡನೆ ಬಾಳಲು ಒಪ್ಪುವೆಯಾ ಎಂದು ಕೇಳುತ್ತಾರೆ, ಒಲ್ಲೆ ಎಂದರೆ ಒಂದು ವರ್ಷ ಕಾಯುತ್ತಾರೆ, ಮತ್ತೆ ಕೇಳುತ್ತಾರೆ, ಆಗಲೂ ಒಲ್ಲೆ ಎಂದರೆ ಮದುವೆ ಮುರಿಯುತ್ತದೆ, ಇಬ್ಬರೂ ಮರುಮದುವೆಗೆ ಸ್ವತಂತ್ರರು. ಕಾಗದದ ಮೇಲೆ ತಕ್ಕಡಿ ಸರಿಯಾಗಿಯೇ ತೂಗುತ್ತದೆ. ಆದರೆ 1866ರ ಒಬ್ಬ ಬ್ರಾಹ್ಮಣ ಹುಡುಗಿಗೆ ಮರುಮದುವೆಯ ಸ್ವಾತಂತ್ರ್ಯವೆಂದರೆ ಏನು? ಗಂಡ ಬದುಕಿರುವಾಗಲೇ ವಿಧವೆಯ ಬಾಳು. ಗಂಡನ ಹೊಸ ನಂಬಿಕೆಗೆ ಜೀವನವಿಡೀ ಕಂತು ಕಟ್ಟಿದವಳು ಅವಳು. ಚರಿತ್ರೆ ಬರೆಯುವವರು ಶಿಷ್ಯತ್ವದ ಬೆಲೆ ಎಂಬ ಅಧ್ಯಾಯದಲ್ಲಿ ಅವನ ಚಿತ್ರ ಹಾಕುತ್ತಾರೆ.

ಇದಕ್ಕೆ ಲೂಕನ ಅದೇ ಅಧ್ಯಾಯದಿಂದ ಉತ್ತರ ಕೊಡುವವರಿದ್ದಾರೆ. ತಂದೆ, ತಾಯಿ, ಹೆಂಡತಿ, ಮಕ್ಕಳನ್ನು ಹಗೆಮಾಡದವನು ತನ್ನ ಶಿಷ್ಯನಾಗಲಾರ ಎಂಬ ಬಿರುನುಡಿ ಗೋಪುರದ ದೃಷ್ಟಾಂತಕ್ಕೆ ಎರಡೇ ವಚನ ಹಿಂದೆ ಇದೆ. ಆ ಮಾತನ್ನು ನಯಗೊಳಿಸಿ ಹೇಳುವ ವ್ಯಾಖ್ಯಾನಗಳು ನನಗೆ ಇಷ್ಟವಿಲ್ಲ. ಅದು ಬಿರುಸಾಗಿಯೇ ಇರಲಿ. ಆದರೆ ಅದೇ ಗುರು ಮಾರ್ಕನ 7ನೆಯ ಅಧ್ಯಾಯದಲ್ಲಿ ಫರಿಸಾಯರ ಮೇಲೆ ಹರಿಹಾಯುವುದನ್ನೂ ಪಕ್ಕದಲ್ಲಿಟ್ಟು ಓದಬೇಕು. ಅಲ್ಲಿಯ ಜಗಳ ಇದೇ ವಿಷಯಕ್ಕೆ. ತಂದೆತಾಯಿಗೆ ಸಲ್ಲಬೇಕಾದದ್ದನ್ನು ಕೊರ್ಬಾನ್ ಎಂದು, ಅಂದರೆ ದೇವರಿಗೆ ಮುಡಿಪು ಎಂದು ಘೋಷಿಸಿಬಿಟ್ಟರೆ ಮಗನಿಗೆ ಅವರನ್ನು ಸಾಕುವ ಹೊಣೆ ಇರುತ್ತಿರಲಿಲ್ಲ. ಯೇಸು ಇದನ್ನು ಭಕ್ತಿ ಎನ್ನುವುದಿಲ್ಲ, ಆಜ್ಞೆಯನ್ನು ರದ್ದು ಮಾಡುವ ಕಪಟ ಎನ್ನುತ್ತಾನೆ. ದೇವರ ಹೆಸರಿನಲ್ಲೇ ಆದರೂ ಇನ್ನೊಬ್ಬರ ಪಾಲನ್ನು ಕೊಟ್ಟು ತ್ಯಾಗಿ ಅನ್ನಿಸಿಕೊಳ್ಳುವ ಹಾಗಿಲ್ಲ. ಈ ಎರಡು ಅಧ್ಯಾಯಗಳ ನಡುವಿನ ಎಳೆದಾಟದಲ್ಲೇ ಶಿಷ್ಯತ್ವದ ನಿಜವಾದ ಲೆಕ್ಕ ಅಡಗಿದೆ ಎಂದು ನಾನು ತಿಳಿಯುತ್ತೇನೆ.

ಸುವಾರ್ತೆಯ ಸಣ್ಣ ಸಣ್ಣ ವಿವರಗಳೂ ಈ ಕಡೆಗೇ ಬೆರಳು ತೋರುತ್ತವೆ. ಯಾಕೋಬ ಮತ್ತು ಯೋಹಾನ ಬಲೆ ಬಿಟ್ಟು ಹೊರಟಾಗ ತಂದೆ ಜೆಬೆದಾಯ ದೋಣಿಯಲ್ಲಿ ಉಳಿದ. ಅವನೊಬ್ಬನೇ ಅಲ್ಲ, ಕೂಲಿಯಾಳುಗಳ ಸಂಗಡ ಉಳಿದ ಎಂದು ಮಾರ್ಕ ಬರೆಯುತ್ತಾನೆ. ಕತೆಗೆ ಈ ಕೂಲಿಯಾಳುಗಳ ಅಗತ್ಯವೇ ಇರಲಿಲ್ಲ. ಮುದುಕನ ದೋಣಿ ನಿಲ್ಲಲಿಲ್ಲ ಎಂದು ಹೇಳಲೆಂದೇ ಅವರು ಅಲ್ಲಿದ್ದಾರೆ ಎನ್ನಿಸುತ್ತದೆ. ಪೇತ್ರ ಎಲ್ಲವನ್ನೂ ಬಿಟ್ಟವನು ಎನ್ನುತ್ತೇವೆ, ಆದರೆ ಅವನು ಮುಂದೆ ಹೆಂಡತಿಯನ್ನು ಕರೆದುಕೊಂಡೇ ತಿರುಗಾಡುತ್ತಿದ್ದ ಎಂಬುದು ಪೌಲ ಕೊರಿಂಥದವರಿಗೆ ಬರೆದ ಪತ್ರದಿಂದ ತಿಳಿಯುತ್ತದೆ. ಶಿಲುಬೆಯ ಮೇಲೆ ಸಾಯುತ್ತಿದ್ದವನು ತಾಯಿಯನ್ನು ಒಬ್ಬ ಶಿಷ್ಯನಿಗೆ ಒಪ್ಪಿಸಿದ ಎಂದು ಯೋಹಾನನು ಹೇಳುತ್ತಾನೆ.

ಹಾಗಾದರೆ ಕ್ರೈಸ್ತನಾದ ಮಗ ತಾಯಿಯ ಕರ್ಮಕ್ಕೆ ಕೂರಬಹುದಾಗಿತ್ತೇ? ಇದು ತಮಿಳುನಾಡಿನಲ್ಲಿ ಹಳೆಯ ಜಗಳ. ಹದಿನೇಳನೆಯ ಶತಮಾನದ ಆರಂಭದಲ್ಲಿ ಮಧುರೆಯ ಪಾದ್ರಿ ರೊಬೆರ್ತೊ ದೆ ನೊಬಿಲಿ ಜನಿವಾರ, ಶಿಖೆ, ಗಂಧಗಳನ್ನು ಉಳಿಸಿಕೊಂಡೇ ಬ್ರಾಹ್ಮಣರು ಕ್ರೈಸ್ತರಾಗಬಹುದು ಎಂದರು. ನೂರು ವರ್ಷಕ್ಕೂ ಹೆಚ್ಚು ಕಾಲ ರೋಮ್ ಇದರ ಮೇಲೆ ಕಾದಾಡಿ, 1744ರಲ್ಲಿ ಪೋಪ್ ಹದಿನಾಲ್ಕನೆಯ ಬೆನೆಡಿಕ್ಟ್ ಇಂಥ ಆಚಾರಗಳಿಗೆ ಕಡಿವಾಣ ಹಾಕಿದರು. ನೊಬಿಲಿಯ ದಾರಿ ಜಾತಿಯನ್ನು ಹಾಗೇ ಬಿಟ್ಟಿತು, ಅದು ಅದರ ದೊಡ್ಡ ದೋಷ. ಆದರೆ ಮತ ಬದಲಿಸಿದವನ ಮನೆಯವರು ಏನು ಕಳೆದುಕೊಳ್ಳುತ್ತಾರೆ ಎಂದು ಆತ ಯೋಚಿಸಿದ್ದಂತೂ ಹೌದು. ಬಾಸೆಲ್‌ನ ಕಟ್ಟಾ ಪ್ರೊಟೆಸ್ಟೆಂಟರಿಗೆ ಆ ಯೋಚನೆಯೇ ರಾಜಿಯಾಗಿ ಕಂಡಿತು.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಲೇಬೇಕು. ಕೌಂಡಿನ್ಯ ಹೆಂಡತಿಯನ್ನು ಹೊರಹಾಕಲಿಲ್ಲವಲ್ಲ? ಮಗನ ಜೊತೆ ಉಣ್ಣಬೇಡ ಎಂದು ತಾಯಿಗೆ ಕಟ್ಟುಮಾಡಿದ್ದು ಯೇಸುವೂ ಅಲ್ಲ, ಮೋಗ್ಲಿಂಗೂ ಅಲ್ಲ, ಜಾತಿ. ಬೆಲೆ ನಿಗದಿ ಮಾಡಿದವರನ್ನು ಬಿಟ್ಟು ಕೊಂಡವನನ್ನು ದೂರುವುದು ಯಾವ ನ್ಯಾಯ? ಆಕ್ಷೇಪ ಸರಿಯಾಗಿದೆ. ಅಷ್ಟೇ ಅಲ್ಲ, ಅದನ್ನು ಒಪ್ಪಿದ ಮೇಲೆ ವಿಷಯ ಇನ್ನಷ್ಟು ತಿಳಿಯಾಗುತ್ತದೆ. ಶಿಷ್ಯನಾದವನು ತಾನಾಗಿ ಎತ್ತಿಕೊಂಡದ್ದು ಶಿಲುಬೆ. ಜಾತಿಯೋ ಸರಕಾರವೋ ತಲೆಯ ಮೇಲೆ ಹೇರಿದ್ದು ಹೊರೆ. ಹೊರೆಯನ್ನೂ ಶಿಲುಬೆಯೆಂದು ಕರೆದು ಹೊತ್ತವನನ್ನು ಹೊಗಳಿದರೆ ಹೇರಿದವನು ಸಲೀಸಾಗಿ ತಪ್ಪಿಸಿಕೊಳ್ಳುತ್ತಾನೆ.

ಈ ವ್ಯತ್ಯಾಸವನ್ನು ಬಾಸೆಲ್ ಮಿಷನ್ ತತ್ವದಲ್ಲಿ ಒಪ್ಪಿತೋ ಇಲ್ಲವೋ, ವ್ಯವಹಾರದಲ್ಲಿ ಒಪ್ಪಿತು. ದಕ್ಷಿಣ ಕನ್ನಡದಲ್ಲಿ ಕ್ರೈಸ್ತರಾದವರಲ್ಲಿ ಹೆಚ್ಚಿನವರು ಬಿಲ್ಲವರು. ಕಳ್ಳಿಳಿಸುವ ಕಸುಬನ್ನು ಮಿಷನ್ ಒಪ್ಪುತ್ತಿರಲಿಲ್ಲ, ಒಕ್ಕಲಿಟ್ಟ ಧಣಿ ಗದ್ದೆಯಿಂದ ಎಬ್ಬಿಸಿದರೆ ಕೇಳುವವರಿರಲಿಲ್ಲ, ಅಳಿಯಸಂತಾನದ ಕುಟುಂಬದಲ್ಲಿ ಪಾಲು ಕೇಳಿ ಪಡೆಯುವ ದಾರಿಯೂ ಇರಲಿಲ್ಲ. ಜಾತಿ ಬಿಟ್ಟವನು ಪಿತ್ರಾರ್ಜಿತದ ಹಕ್ಕು ಕಳೆದುಕೊಳ್ಳಬಾರದೆಂದು 1850ರ ಕಾಯಿದೆ ಹೇಳಿತು ನಿಜ, ಪಾಲೇ ಆಗದ ಮನೆಯಲ್ಲಿ ಆ ಹಕ್ಕನ್ನು ಏನು ಮಾಡುವುದು? ಆಗ ಮಿಷನ್ ಪ್ರವಚನ ಹೇಳಿ ಸುಮ್ಮನಾಗದೆ ಮಗ್ಗ ಹಾಕಿತು. 1851ರಲ್ಲಿ ಬಂದ ಹಾಲರ್ ಮಂಗಳೂರಿನ ನೇಯ್ಗೆಯನ್ನು ಕಾರ್ಖಾನೆಯಾಗಿ ಬೆಳೆಸಿದರು, ಅದು ಖಾಕಿ ಬಟ್ಟೆಗೆ ಹೆಸರಾಯಿತು. 1865ರಲ್ಲಿ ಪ್ಲೆಬ್ಸ್ಟ್ ಹೆಂಚಿನ ಕಾರ್ಖಾನೆ ಹಾಕಿದರು. ಕರಾವಳಿಯ ಮನೆಮನೆಯ ಮಾಡಿನ ಮೇಲೆ ಕುಳಿತ ಮಂಗಳೂರು ಹೆಂಚಿನ ಹಿಂದೆ ಇರುವುದು ದೀಕ್ಷಾಸ್ನಾನದ ಮರುದಿನ ಅನ್ನ ಕಳೆದುಕೊಂಡವರ ಪ್ರಶ್ನೆ. ಕಾರ್ಖಾನೆಯ ಶಿಸ್ತು, ಕೂಲಿ, ಪಾದ್ರಿಯೇ ಧಣಿಯೂ ಆದ ಇಕ್ಕಟ್ಟು, ಇವೆಲ್ಲ ಬೇರೆ ಕತೆ. ಕರೆದವರು ಬೆಲೆಯಲ್ಲಿ ಪಾಲು ಹೊತ್ತರು ಎಂಬುದನ್ನಷ್ಟೇ ನಾನು ಇಲ್ಲಿ ಗಮನಿಸುತ್ತೇನೆ.

ಸ್ವತಂತ್ರ ಭಾರತದ ಕತೆಗೆ ಮತ್ತೆ ಚೆನ್ನೈಗೇ ಬರಬೇಕು. ಮಾಂಬಲಂ ಸ್ಟೇಷನ್ನಿನಲ್ಲಿ ಲೋಕಲ್ ರೈಲು ಹತ್ತಿ ಪಾರ್ಕ್‌ನಲ್ಲಿ ಇಳಿದು ಪಾರೀಸ್ ಕಡೆಗೆ ನಡೆದರೆ ರತ್ತನ್ ಬಜಾರ್ ಸಿಗುತ್ತದೆ. ಅದು ಈವ್ನಿಂಗ್ ಬಜಾರ್ ರಸ್ತೆಯನ್ನು ಕೂಡುವ ಮೂಲೆಯಲ್ಲಿ ಸೂಸೈ ಎಂಬುವರು ಚಪ್ಪಲಿ ಹೊಲಿಯುತ್ತಿದ್ದರು. ಹುಟ್ಟಿನಿಂದ ಆದಿದ್ರಾವಿಡರು, ಕ್ರೈಸ್ತರಾದವರು. 1980ರ ದಶಕದ ಆರಂಭದಲ್ಲಿ ರಸ್ತೆಬದಿಯ ಚಮ್ಮಾರರಿಗೆ ಸರಕಾರ ಪುಕ್ಕಟೆಯಾಗಿ ಪೆಟ್ಟಿಗೆ ಅಂಗಡಿಗಳನ್ನು ಹಂಚಿತು. ಅದೇ ಬೀದಿಯಲ್ಲಿ ಕೂತ ಹಿಂದೂ ಚಮ್ಮಾರರಿಗೆ ಸಿಕ್ಕಿತು, ಸೂಸೈಗೆ ಸಿಗಲಿಲ್ಲ. ಕಾರಣ, 1950ರ ರಾಷ್ಟ್ರಪತಿ ಆದೇಶದ ಮೂರನೆಯ ಪರಿಚ್ಛೇದ. ಹಿಂದೂ ಧರ್ಮದ ಹೊರಗಿನವರು ಪರಿಶಿಷ್ಟ ಜಾತಿಯವರಲ್ಲ ಎಂದು ಅದು ಹೇಳಿತ್ತು. 1956ರಲ್ಲಿ ಸಿಖ್ಖರನ್ನು, ಮುಂದೆ 1990ರಲ್ಲಿ ಬೌದ್ಧರನ್ನು ಒಳಗೆ ಸೇರಿಸಿಕೊಂಡರು. ಕ್ರೈಸ್ತರೂ ಮುಸ್ಲಿಮರೂ ಇಂದಿಗೂ ಹೊರಗೇ. ಸೂಸೈ ಸುಪ್ರೀಂ ಕೋರ್ಟಿನವರೆಗೆ ಹೋದರು. 1985ರ ಸೆಪ್ಟೆಂಬರ್ 30ರಂದು ನ್ಯಾಯಾಲಯ ಅರ್ಜಿಯನ್ನು ವಜಾ ಮಾಡಿತು. ಮತಾಂತರದ ನಂತರವೂ ಜಾತಿ ಉಳಿಯುತ್ತದೆ ಎಂದು ತೋರಿಸಿದರೆ ಸಾಲದು, ಹೊಸ ಸಮುದಾಯದಲ್ಲೂ ಅದರ ಬಾಧೆ ಅಷ್ಟೇ ತೀವ್ರವಾಗಿದೆ ಎಂದು ಸಾಬೀತಾಗಬೇಕು, ಅದಕ್ಕೆ ತಕ್ಕ ಪುರಾವೆ ನಮ್ಮ ಮುಂದಿಲ್ಲ ಎಂಬುದು ತೀರ್ಪಿನ ತಿರುಳು.

ಕೌಂಡಿನ್ಯರನ್ನೂ ಸೂಸೈಯನ್ನೂ ಒಂದೇ ಸಾಲಿನಲ್ಲಿ ಕೂರಿಸಿ ಇಬ್ಬರೂ ಬೆಲೆ ತೆತ್ತ ಶಿಷ್ಯರು ಎನ್ನುವ ಪ್ರವಚನ ನನಗೆ ಸಹಿಸಲಾಗದು. ಒಬ್ಬರು ಬಿಟ್ಟದ್ದು ಮೇಲ್ಜಾತಿಯ ಮರ್ಯಾದೆ, ಅದನ್ನು ಬಿಡುವುದರಲ್ಲೇ ಒಂದು ಸುವಾರ್ತೆಯಿದೆ. ಇನ್ನೊಬ್ಬರಿಂದ ಕಸಿದದ್ದು ಒಂದು ಪೆಟ್ಟಿಗೆ ಅಂಗಡಿ. ಬಿಸಿಲಿನಿಂದ ತಲೆ ಕಾಯುವ ನಾಲ್ಕು ಹಲಗೆಗಳನ್ನು ಶಿಷ್ಯತ್ವದ ಬೆಲೆ ಎಂದು ಯಾವ ಸುವಾರ್ತೆಯೂ ಕೇಳಿಲ್ಲ, ಕೇಳಿದ್ದು ಸರಕಾರದ ಆದೇಶ. ಬಸವಣ್ಣನವರ ಕಲ್ಯಾಣದಲ್ಲೂ ಹರಳಯ್ಯ ಮಧುವರಸರಿಬ್ಬರನ್ನೂ ಎಳೆಹೂಟೆ ಕಟ್ಟಿ ಕೊಂದರು, ಆದರೆ ಚಮ್ಮಾರನಿಗೆ ಸಿಕ್ಕ ಸಾವೂ ಮಂತ್ರಿಗೆ ಸಿಕ್ಕ ಸಾವೂ ಒಂದೇ ಆಗಿದ್ದರೂ ಅವರು ಹೊರಟ ಜಾಗಗಳು ಒಂದೇ ಆಗಿರಲಿಲ್ಲ.

2007ರಲ್ಲಿ ರಂಗನಾಥ ಮಿಶ್ರಾ ಆಯೋಗ 1950ರ ಆದೇಶದ ಆ ಮೂರನೆಯ ಪರಿಚ್ಛೇದವನ್ನು ತೆಗೆಯಲು ಶಿಫಾರಸು ಮಾಡಿತು. ಅದು ಜಾರಿಗೆ ಬರಲಿಲ್ಲ. 2022ರಲ್ಲಿ ಕೇಂದ್ರ ಸರಕಾರ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಅಧ್ಯಕ್ಷತೆಯಲ್ಲಿ ಇನ್ನೊಂದು ಆಯೋಗ ನೇಮಿಸಿತು. 2024ರ ನವೆಂಬರಿನಲ್ಲಿ ಪುದುಚೇರಿಯ ಒಬ್ಬ ಮಹಿಳೆ ಗುಮಾಸ್ತೆಯ ಕೆಲಸಕ್ಕಾಗಿ ಪರಿಶಿಷ್ಟ ಜಾತಿಯ ಪ್ರಮಾಣಪತ್ರ ಕೇಳಿದಾಗ, ಆಕೆ ಚರ್ಚಿಗೆ ಹೋಗುವ ಕ್ರೈಸ್ತಳೇ, ಮೀಸಲಾತಿಗಾಗಿ ಮಾತ್ರ ಹಿಂದೂ ಎನ್ನುತ್ತಿದ್ದಾಳೆ ಎಂದು ಸುಪ್ರೀಂ ಕೋರ್ಟು ತಿರಸ್ಕರಿಸಿತು. ಅಂದರೆ ನೌಕರಿ ಬೇಕಾದರೆ ದೇವರನ್ನು ಮುಚ್ಚಿಡಬೇಕು. ಮುಚ್ಚಿಟ್ಟದ್ದು ಗೊತ್ತಾದರೆ ಮೋಸಗಾರಳು ಅನ್ನಿಸಿಕೊಳ್ಳಬೇಕು.

ಆದರೆ ಸುಪ್ರೀಂ ಕೋರ್ಟು 1985ರಲ್ಲಿ ಕೇಳಿದ ಪುರಾವೆಯನ್ನು ಒದಗಿಸಬೇಕಾದವರು ಯಾರು? ಚರ್ಚೇ ಅಲ್ಲವೇ? ತನ್ನೊಳಗೆ ಜಾತಿ ಜೀವಂತವಾಗಿದೆ ಎಂದು ಪ್ರಮಾಣ ಮಾಡಿ ಹೇಳುವುದು ಅದಕ್ಕೆ ಸಂಕಟದ ಕೆಲಸ. ಪುರಾವೆಯಂತೂ ಹೇರಳವಾಗಿದೆ. ಮಾಂಬಲಂನಿಂದ ಬಹಳ ದೂರವಲ್ಲದ ವೇಪೇರಿಯಲ್ಲಿ, 1833ರಲ್ಲಿ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ ಚರ್ಚಿನೊಳಗೆ ಜಾತಿಭೇದ ಕೂಡದೆಂದು ಆಜ್ಞೆ ಹೊರಡಿಸಿದಾಗ, ಒಟ್ಟಿಗೆ ಕೂತು ಒಂದೇ ಬಟ್ಟಲಿನಿಂದ ದ್ರಾಕ್ಷಾರಸ ಕುಡಿಯಲಾರೆವೆಂದು ಮೇಲ್ಜಾತಿಯ ಕ್ರೈಸ್ತರು ಹೊರನಡೆದರು. ತಿರುನೆಲ್ವೇಲಿ ಕಡೆಯ ವಡಕ್ಕನ್‌ಕುಳಂನಲ್ಲಿ ಎರಡು ಜಾತಿಗಳು ಬೇರೆ ಬೇರೆ ಕೂರಲು ಚರ್ಚಿನೊಳಗೆ ಗೋಡೆಯೇ ಇತ್ತು. ಅದನ್ನು ಕೆಡವಿದ್ದು 1910ರಲ್ಲಿ. ಆಗಿನ ವಿಳುಪ್ಪುರಂ ಜಿಲ್ಲೆಯ ಎರೈಯೂರಿನಲ್ಲಿ 2008ರ ಮಾರ್ಚಿನಲ್ಲಿ ವನ್ನಿಯ ಕ್ರೈಸ್ತರಿಗೂ ದಲಿತ ಕ್ರೈಸ್ತರಿಗೂ ಗಲಭೆಯಾಗಿ ಪೊಲೀಸರ ಗುಂಡಿಗೆ ಇಬ್ಬರು ಸತ್ತರು. ಪಕ್ಕದಲ್ಲಿ ಕೂರುವುದು, ಒಂದೇ ಸ್ಮಶಾನದಲ್ಲಿ ಮಲಗುವುದು: ಯಾವ ಹಣವೂ ಬೇಡದ, ಯಾರ ತಾಯಿಯೂ ಅಳಬೇಕಿಲ್ಲದ ಬೆಲೆಗಳು ಇವು. ಇಷ್ಟನ್ನೂ ಕೊಡಲೊಲ್ಲದವರ ನಡುವೆಯೇ ಸೂಸೈಯಂಥವರ ತ್ಯಾಗದ ಹೊಗಳಿಕೆ ನಡೆಯುತ್ತದೆ.

ಜರ್ಮನಿಯ ಡೀಟ್ರಿಖ್ ಬಾನ್‌ಹಾಫರ್ ಇಂಥದಕ್ಕೆ ಅಗ್ಗದ ಕೃಪೆ ಎಂದು ಹೆಸರಿಟ್ಟರು. ಏನನ್ನೂ ಬದಲಿಸದೆ, ಏನನ್ನೂ ಬಿಡದೆ ಕ್ಷಮೆಯನ್ನು ಮಾತ್ರ ಪಡೆಯುವ ಧರ್ಮ ಅದು. 1937ರಲ್ಲಿ ಬಂದ ಅವರ ಶಿಷ್ಯತ್ವದ ಪುಸ್ತಕ ಕ್ರೈಸ್ತಲೋಕದಲ್ಲಿ ಬಹಳ ಓದಿಸಿಕೊಂಡಿದೆ. ಗಾಂಧೀಜಿಯ ಆಶ್ರಮಕ್ಕೆ ಬರಬೇಕೆಂದು ಅವರು ಆಸೆಪಟ್ಟಿದ್ದರು, 1934ರಲ್ಲಿ ಗಾಂಧೀಜಿ ಬರಹೇಳಿ ಪತ್ರವನ್ನೂ ಬರೆದಿದ್ದರು. ಬರಲಾಗಲಿಲ್ಲ. 1939ರ ಬೇಸಿಗೆಯಲ್ಲಿ ಅಮೆರಿಕದಲ್ಲಿ ಸುರಕ್ಷಿತವಾಗಿದ್ದವರು ಕೆಲವೇ ವಾರಗಳಲ್ಲಿ ಹಿಟ್ಲರನ ಜರ್ಮನಿಗೆ ತಿರುಗಿ ಹೋದರು. 1943ರಲ್ಲಿ ಸೆರೆ, 1945ರ ಏಪ್ರಿಲ್ 9ರಂದು ಫ್ಲಾಸೆನ್‌ಬ್ಯುರ್ಗ್‌ನಲ್ಲಿ ನೇಣು. ಅವರ ಅಣ್ಣ ಕ್ಲಾಸ್ ಮತ್ತು ಇಬ್ಬರು ಭಾವಂದಿರನ್ನೂ ನಾಜಿಗಳು ಕೊಂದರು. ಇಲ್ಲಿಯೂ ಮನೆ ತುಂಬ ಸಾವು. ಆದರೆ ಡೀಟ್ರಿಖ್ ಹಿಡಿದ ದಾರಿಗೆ ಆ ಮನೆಯವರು ಬಲಿಯಾದದ್ದಲ್ಲ. ಅವರು ತಾವಾಗಿಯೇ ಹಿಟ್ಲರನ ವಿರುದ್ಧದ ಪಿತೂರಿಯಲ್ಲಿದ್ದರು, ಭಾವ ಹಾನ್ಸ್ ಫಾನ್ ದೊನಾನ್ಯಿಯೇ ಡೀಟ್ರಿಖ್‌ರನ್ನು ಒಳಗೆ ಎಳೆದುಕೊಂಡವರು. ಪ್ರತಿಯೊಬ್ಬರೂ ಅವರವರ ಖಾತೆಯಿಂದ ತೆತ್ತರು. ಕೌಂಡಿನ್ಯರ ಹೆಂಡತಿಗೂ ದೊನಾನ್ಯಿಗೂ ಇರುವ ವ್ಯತ್ಯಾಸ ನೋವಿನ ಪ್ರಮಾಣದ್ದಲ್ಲ, ಒಪ್ಪಿಗೆಯದು.

ನಿಸ್ವಾರ್ಥತೆಯ ವಿಷಯಕ್ಕೂ ಇದೇ ಮಾತು. ಒಂದು ಕಾಲಕ್ಕೆ ಮದರಾಸಿನಲ್ಲಿ ವೆಸ್ಟ್ ಮಾಂಬಲಂ ಎಂದರೆ ಸೊಳ್ಳೆ ಮತ್ತು ಆನೆಕಾಲು ರೋಗ. ಅಂಥ ಜಾಗದಲ್ಲಿ 1950ರ ದಶಕದಲ್ಲಿ ಎಂ.ಸಿ. ಸುಬ್ರಹ್ಮಣ್ಯಂ ಎಂಬವರು ಬಡವರಿಗಾಗಿ ಪಬ್ಲಿಕ್ ಹೆಲ್ತ್ ಸೆಂಟರ್ ಎಂಬ ಆಸ್ಪತ್ರೆ ಹುಟ್ಟುಹಾಕಿದರು. ಅದು ಈಗಲೂ ನಡೆಯುತ್ತಿದೆ. ಕ್ರಿಸ್ತನ ಹೆಸರೆತ್ತದೆ ನೆರೆಯವನಿಗಾಗಿ ಬಾಳಿದವರಿಗೆ ಈ ಪೇಟೆಯಲ್ಲೇ ಉದಾಹರಣೆ ಇದೆ ಎಂದು ಹೇಳಲು ಇದನ್ನು ನೆನೆದೆ. ಅದೇ ಬೀದಿಗಳ ಮನೆಗಳಲ್ಲಿ ಇನ್ನೊಂದು ಬಗೆಯ ನಿಸ್ವಾರ್ಥತೆಯೂ ಇದೆ. ಮಡಿಯುಟ್ಟು ಹಗಲೆಲ್ಲ ಶ್ರಾದ್ಧದ ಅಡಿಗೆ ಮಾಡಿ, ಎಲ್ಲರೂ ಉಂಡ ಮೇಲೆ ಉಣ್ಣುವ ಸೊಸೆ. ಹಾಸಿಗೆ ಹಿಡಿದ ತಾಯಿಯನ್ನು ವರ್ಷಗಟ್ಟಲೆ ನೋಡಿಕೊಳ್ಳಲು ನೌಕರಿ ಬಿಟ್ಟ ಮಗಳು. ತ್ಯಾಗಮಯಿ ಎಂದು ಎಲ್ಲರೂ ಹೊಗಳುತ್ತಾರೆ, ಬೇಕೋ ಬೇಡವೋ ಎಂದು ಯಾರೂ ಕೇಳಿರುವುದಿಲ್ಲ. ಕೇಳದೆ ಪಡೆದದ್ದಕ್ಕೆ ತ್ಯಾಗದ ಹೆಸರಿಡುವ ಚಾಳಿ ಚರ್ಚಿಗೂ ಮಠಕ್ಕೂ ಮನೆಗೂ ಸಮಾನ.

ಹಾಗೆಂದು ಎಲ್ಲರ ಒಪ್ಪಿಗೆ ಸಿಗುವವರೆಗೆ ಯಾರೂ ಯಾವ ಕರೆಗೂ ಓಗೊಡಬಾರದೇ? ಹಾಗಾದರೆ ಬುದ್ಧನೂ ಇಲ್ಲ, ಅಕ್ಕಮಹಾದೇವಿಯೂ ಇಲ್ಲ. ಜೆಬೆದಾಯನನ್ನೂ ಯಾರೂ ಕೇಳಲಿಲ್ಲ. ಕೌಂಡಿನ್ಯರಿಗೆ ಹೋಗುವ ಹಕ್ಕಿತ್ತು ಎಂದೇ ನಾನು ವಾದಿಸುತ್ತೇನೆ. ಆದರೆ ಹೋದ ಮೇಲೂ ಸಾಲ ತೀರುವುದಿಲ್ಲ. ನನ್ನ ದೇವರಿಗಾಗಿ ನೀನು ಏನು ತೆತ್ತೆ ಎಂದು ಬಿಟ್ಟುಬಂದವರನ್ನು ಕೇಳುತ್ತಾ ಇರುವುದೂ, ಆ ಬಾಕಿಯನ್ನು ತನ್ನ ಹೆಸರಿನಲ್ಲಿ ಬರೆದುಕೊಳ್ಳುವುದೂ ಶಿಷ್ಯತ್ವದ ಭಾಗವೇ.

ಈ ಬಾಕಿಯನ್ನು ಮಗುವಿನ ಕಡೆಯಿಂದ ಕಂಡವರು ಪಂಡಿತಾ ರಮಾಬಾಯಿ. ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ತಿರದ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಉಡುಪಿಯಲ್ಲಿ ಪಂಡಿತರ ಮುಂದೆ ಉತ್ತರ ಹೇಳಬೇಕಾಗಿ ಬಂದವರು. ಗಂಗಾಮೂಲದ ಕಾಡಿನಲ್ಲಿ 1858ರಲ್ಲಿ ರಮಾ ಹುಟ್ಟಿದಳು. ಶಾಸ್ತ್ರಿಗಳು ಮುಂದೆ ಇದ್ದ ಹಣವನ್ನೆಲ್ಲ ದಾನಧರ್ಮಕ್ಕೆ ಸುರಿದು, ಮನೆಮಂದಿಯನ್ನೆಲ್ಲ ಕರೆದುಕೊಂಡು ಪುರಾಣ ಹೇಳುತ್ತ ಕ್ಷೇತ್ರದಿಂದ ಕ್ಷೇತ್ರಕ್ಕೆ ಅಲೆದರು. 1870ರ ದಶಕದಲ್ಲಿ ಇದೇ ಮದರಾಸ್ ಪ್ರಾಂತವನ್ನು ಬಡಿದ ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ಹಸಿವಿನಿಂದ ಸತ್ತರು. ತಂದೆಯ ಸತ್ಯನಿಷ್ಠೆ ರಮಾಬಾಯಿಗೆ ವಿದ್ಯೆ ಕೊಟ್ಟಿತು, ಅವರ ಭಕ್ತಿ ಅವಳನ್ನು ಉಪವಾಸ ಕೆಡವಿತು. ಎರಡಕ್ಕೂ ಅವಳನ್ನು ಕೇಳಿರಲಿಲ್ಲ. 1883ರಲ್ಲಿ ಇಂಗ್ಲೆಂಡಿನ ವಾಂಟೇಜಿನಲ್ಲಿ ಕ್ರೈಸ್ತಳಾದಾಗ ಆಕೆಗೆ ತಂದೆ, ತಾಯಿ, ಅಣ್ಣ, ಗಂಡ ಯಾರೂ ಉಳಿದಿರಲಿಲ್ಲ, ಹಾಗಾಗಿ ಬೆಲೆ ಅವಳದೊಬ್ಬಳದೇ. 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನ ಎಂಬ ಹುಡುಗಿಯರ ಶಾಲೆ ತೆರೆದು ಮರುವರ್ಷ ಪುಣೆಗೆ ತಂದರು. 1893ರಲ್ಲಿ ಮತಾಂತರದ ಗುಲ್ಲೆದ್ದು ಪೋಷಕರು ಹುಡುಗಿಯರನ್ನು ಬಿಡಿಸಿಕೊಂಡು ಹೋದರು. 1896-97ರ ಬರದಲ್ಲಿ ಮಧ್ಯಪ್ರಾಂತದಿಂದ ನೂರಾರು ಹೆಣ್ಣುಮಕ್ಕಳನ್ನು ಕರೆತಂದು ಕೇಡಗಾಂವ್‌ನಲ್ಲಿ ಮುಕ್ತಿ ಸದನ ಕಟ್ಟಿದರು. ಹಸಿವನ್ನು ತಾವೇ ಕಂಡವರಾದ್ದರಿಂದ ಮೊದಲು ಅನ್ನ ಹಾಕಿದರು.

ಅವರ ಜೊತೆಗಿದ್ದವಳು ಒಬ್ಬಳೇ, 1881ರಲ್ಲಿ ಹುಟ್ಟಿದ ಮಗಳು ಮನೋರಮಾ. ಇಂಗ್ಲೆಂಡಿನಲ್ಲಿ ಕ್ರೈಸ್ತ ಸಂನ್ಯಾಸಿನಿಯರು ಆ ಮಗುವಿಗೆ ತಮ್ಮ ಮತವನ್ನು ಕಲಿಸಹೋದಾಗ ರಮಾಬಾಯಿ ಅವರೊಡನೆ ಪತ್ರಗಳಲ್ಲೇ ಕಾದಾಡಿದರು. ಅವಳಿಗೆ ಏನು ಕಲಿಸಬೇಕೆಂದು ತೀರ್ಮಾನಿಸುವವಳು ತಾನು ಎಂದು ಅವರ ಹಟ. ಮನೋರಮಾ ದೊಡ್ಡವಳಾಗಿ ತಾಯಿಯ ಕೆಲಸಕ್ಕೆ ಹೆಗಲು ಕೊಟ್ಟಳು, 1910ರ ದಶಕದಲ್ಲಿ ಗುಲ್ಬರ್ಗದಲ್ಲಿ ತೆರೆದ ಶಾಲೆಯನ್ನು ನೋಡಿಕೊಂಡಳು. ಮುಕ್ತಿ ಸದನವನ್ನು ನಡೆಸಬೇಕಾದವಳು ಅವಳೇ ಎಂದು ಎಲ್ಲರೂ ತಿಳಿದಿದ್ದರು. ತಾಯಿಗಿಂತ ಮೊದಲೇ, 1921ರಲ್ಲಿ, ನಲವತ್ತನೆಯ ವಯಸ್ಸಿನಲ್ಲಿ ತೀರಿಕೊಂಡಳು. ರಮಾಬಾಯಿಯ ದೊಡ್ಡತನವನ್ನು ಒಪ್ಪುವ ನನಗೆ ಅವರ ಲೆಕ್ಕದಲ್ಲಿ ಈ ಒಂದು ಸಾಲು ಇನ್ನೂ ಚುಕ್ತಾ ಆದಂತೆ ಕಾಣುವುದಿಲ್ಲ. ಆ ಸಂನ್ಯಾಸಿನಿಯರ ಕೈಯಿಂದ ಮಗಳನ್ನು ಬಿಡಿಸಿಕೊಂಡ ತಾಯಿ ಮುಂದೆ ತನ್ನ ಕೆಲಸಕ್ಕೆ ಅವಳನ್ನು ಸೇರಿಸಿಕೊಳ್ಳುವಾಗ ಅವಳನ್ನೇ ಕೇಳಿದ್ದರೇ, ಅಥವಾ ಅನಂತಶಾಸ್ತ್ರಿಗಳ ಹಾಗೆ ಕೈ ಹಿಡಿದು ಕರೆದುಕೊಂಡು ಹೋದರೇ?